ಇಪ್ಪತ್ತೇಳನೇ ನಂಬರಿನ ಬಿಲ್ಲೆ

ದೆವ್ವ, ಗಾಳಿ, ಮಾಟ ಎಂದು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಸೂರತ್ತಿನಲ್ಲಿ ನಮ್ಮ ಕಡೆಯ ಬ್ಯಾಂಕಿನವರು, ವಿಮೆಯವರು, ರೈಲ್ವೆಯವರು ಸೇರಿ ವರ್ಷಕ್ಕೊಮ್ಮೆ ಗಣಪತಿ ಕೂಡಿಸುತ್ತಿದ್ದರು. ಊಟವಾದ ಮೇಲೆ ಜಮಖಾನೆಯ ಮೇಲೆ ಕೂತು ಒಬ್ಬೊಬ್ಬರೇ ತಮಗಾದ ವಿಚಿತ್ರಗಳನ್ನು ಹೇಳುವುದು ರೂಢಿ. ಒಮ್ಮೆ ವಿಮೆಯ ಸಾಹೇಬರೊಬ್ಬರು ಕ್ವಾರ್ಟರ್ಸಿನ ಹಿಂದೆ ಬಿಳಿ ಸೀರೆಯವಳನ್ನು ಕಂಡ ಕಥೆ ಹೇಳಿದರು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ನಾನು, "ಸಾಹೇಬ್ರ, ಮುಂದಿನ ಸಲ ಆಕೀನ್ನ ನಮ್ಮ ಮಿಲ್ಲಿಗೆ ಕಳಸ್ರಿ. ಎಷ್ಟು ವರ್ಷ ಅಂತ ಬಿಳೀದ ಉಟ್ಟಾಳು, ಒಂದು ಚಲೋ ಬಣ್ಣ ಹಾಕಿ ಕೊಡ್ತೀನಿ" ಎಂದೆ. ಆಮೇಲೆ ಸಾಹೇಬರು ನನ್ನ ಜೊತೆ ಮಾತು ಬಿಟ್ಟರು. ಈಗ ಅವರ ಕ್ಷಮೆ ಕೇಳಬೇಕು ಅನ್ನಿಸುತ್ತದೆ. ನಾನು ಹೇಳುವ ಸಂಗತಿಯಲ್ಲಿ ಬಿಳಿ ಸೀರೆಯವಳಿಲ್ಲ, ಕತ್ತಲೆಯೂ ಇಲ್ಲ. ನಡೆದದ್ದು ಬೆಳ್ಳಗಿನ ಮಧ್ಯಾಹ್ನದಲ್ಲಿ, ತಲೆಯ ಮೇಲೆ ನೂರು ಜನ ಕೂಗಾಡುತ್ತಿದ್ದಾಗ. ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

ನಾನು ಓದಿದವನಲ್ಲ. ಗುಳೇದಗುಡ್ಡದಲ್ಲಿ ನಮ್ಮಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದ. ಆರನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ನಾನೂ ಬಣ್ಣದ ಹಂಡೆಯ ಮುಂದೆ ನಿಂತೆ. ಅಪ್ಪ ಒದ್ದೆ ನೂಲಿನ ಎಳೆಯನ್ನು ಎಡ ಮುಂಗೈಯ ಒಳಮಗ್ಗುಲಿಗೆ, ವೈದ್ಯರು ನಾಡಿ ಹಿಡಿಯುವ ಜಾಗಕ್ಕೆ, ಸುತ್ತಿಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಬಣ್ಣ ಹತ್ತೋದು ಮೈಗೆ, ಗ್ವಾಡಿಗಲ್ಲ. ಮೈ ಮ್ಯಾಲೆ ಇಟ್ಟ ನೋಡಬೇಕು" ಎನ್ನುತ್ತಿದ್ದ. ನನಗೆ ಬಂದ ಪಿತ್ರಾರ್ಜಿತ ಅಂದರೆ ಅದೊಂದೇ. ಅದನ್ನೇ ಇಟ್ಟುಕೊಂಡು ಇಚಲಕರಂಜಿಗೆ ಹೋದೆ, ಅಲ್ಲಿಂದ ಸೂರತ್ತಿಗೆ ಬಂದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ಸೂರತ್ತಿನ ಪಕ್ಕದ ಸಚಿನ್ ಎಂಬ ಕೈಗಾರಿಕಾ ಎಸ್ಟೇಟಿನ ಒಂದು ಬಣ್ಣದ ಮಿಲ್ಲಿನಲ್ಲಿ ನನ್ನನ್ನು ಕೈ ಹಿಡಿದು ನಿಲ್ಲಿಸಿದವರು ಬಚುಭಾಯಿ. ಸೂರತ್ತಿನವರೇ, ನನಗಿಂತ ಹದಿನೈದು ವರ್ಷ ದೊಡ್ಡವರು. ಅಲ್ಲಿ ಬಣ್ಣ ಹಾಕುವುದು ಹಂಡೆಯಲ್ಲಲ್ಲ, ಜೆಟ್ ಎಂಬ ಉಕ್ಕಿನ ಯಂತ್ರದಲ್ಲಿ. ಮಲಗಿದ ಆನೆಯಷ್ಟು ದೊಡ್ಡದು. ಒಳಗೆ ಕುದಿಯುವ ಬಣ್ಣದ ನೀರಿನಲ್ಲಿ ಸೀರೆಯ ಬಟ್ಟೆ ಹಗ್ಗದ ಹಾಗೆ ಸುತ್ತುತ್ತಿರುತ್ತದೆ. ಉಗಿಯ ವಾಲ್ವನ್ನು ಎಷ್ಟು ತಿರುಗಿಸಬೇಕು, ಯಾವ ಶಾಖದಲ್ಲಿ ಎಷ್ಟು ಹೊತ್ತು ತಡೆಯಬೇಕು ಎನ್ನುವುದರ ಮೇಲೆ ಬಣ್ಣದ ಹಣೆಬರಹ. ಮೊದಲ ದಿನ ನಾನು ತುಂಡು ಬಟ್ಟೆಯನ್ನು ಮುಂಗೈಗೆ ಸುತ್ತಿಕೊಂಡದ್ದು ನೋಡಿ ಇಡೀ ಬಣ್ಣದ ಖಾತೆಯವರು ನಕ್ಕರು. "ನೋಡ್ರೋ, ಮದ್ರಾಸಿ ರಾಖಿ ಕಟ್ಟಿಕೊಂಡ!" ಆ ಕಡೆ ನಾವೆಲ್ಲ ಮದ್ರಾಸಿಗಳೇ. ಬಚುಭಾಯಿ ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು ಕಿಟಕಿಗೆ ಒಯ್ದು ನೋಡಿ, "ಅಲ್ಯಾ ಮದ್ರಾಸಿ, ನಿನ್ನಪ್ಪ ಯಾರೋ?" ಎಂದರು. ಅವತ್ತಿನಿಂದ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪಾಲಿಯೆಸ್ಟರಿನ ಗುಟ್ಟನ್ನೆಲ್ಲ ಹೇಳಿಕೊಟ್ಟರು. ತಮ್ಮ ಡಬ್ಬಿಯ ಢೋಕಳಾದಲ್ಲಿ ಅರ್ಧ ನನ್ನದು. ಖುಷಿಯಾದಾಗ ಮದ್ರಾಸಿ, ಬೈಯುವಾಗ ದಿಕ್ರಾ, ಅಂದರೆ ಮಗನೇ. ಅವರ ಬಾಯಲ್ಲಿ ಎರಡೂ ಒಂದೇ ರುಚಿ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಶೇಠರು ಎಲ್ಲೋ ಪ್ರದರ್ಶನ ನೋಡಿ ಬಂದು ಒಂದು ಹೊಸ ವ್ಯವಸ್ಥೆ ತರಿಸಿದರು. ಅಹಮದಾಬಾದಿನ ಬೋಡಕ್‌ದೇವ್ ಕಡೆಯ ಒಂದು ಸಣ್ಣ ಕಂಪನಿಯವರು ಅದನ್ನು ಮಾಡಿದ್ದರು. ಕೂಡಿಸಲು ಬಂದ ಇಂಜಿನಿಯರ್ ಕನ್ನಡದ ಹುಡುಗ, ರಾಘವೇಂದ್ರ. ಮನೆಯವರು ಮೈಸೂರು ಕಡೆಯವರು, ತಂದೆ ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಸಂಶೋಧನೆಯ ಕೆಲಸದಲ್ಲಿದ್ದರು. ಅವನು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ, ಹಾಗಾಗಿ ಅವನ ಕನ್ನಡ ಕುಂಟುತ್ತಿತ್ತು. ಆದರೂ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದ. ಅದೇ ಮುಂದೆ ನನಗೆ ಮುಳುವಾಯಿತು.

ಪ್ರತಿ ಜೆಟ್ಟಿಗೂ ಬೆರಳಷ್ಟು ಬೆರಳಷ್ಟು ಏನೇನೋ ಚುಚ್ಚಿದರು. ಶಾಖಕ್ಕೊಂದು, ನೀರಿಗೊಂದು, ಗಾಳಿಯ ತೇವಕ್ಕೊಂದು. ತಲೆಯ ಮೇಲೆ ಕಂಬಕಂಬಕ್ಕೂ ಕಪ್ಪು ಗುಂಡಿಗಳು. ಆಪರೇಟರುಗಳ ಎದೆಗೆ ಪ್ಲಾಸ್ಟಿಕ್ಕಿನ ಬಿಲ್ಲೆ. ಅದರಿಂದ ಟಿವಿ ರಿಮೋಟಿನಂಥ ಕಾಣದ ಬೆಳಕು ಹೊರಟು, ಯಾವ ಯಂತ್ರದ ಮುಂದೆ ಯಾರು ನಿಂತಿದ್ದಾರೆ ಎನ್ನುವುದು ಕಂಪ್ಯೂಟರಿಗೆ ತಿಳಿಯುತ್ತದಂತೆ. ಬಚುಭಾಯಿಗೆ ಒಂಬತ್ತನೇ ನಂಬರು, ನನಗೆ ಇಪ್ಪತ್ತೇಳು.

"ಅಂಕಲ್, ನೀವು ಏನೂ ಮಾಡಬೇಡಿ, ಬರೀ ಕೆಲಸ ಮಾಡಿ" ಎಂದ ರಾಘವೇಂದ್ರ.

"ಕೆಲಸಾನ ಮಾಡೋದು ತಮ್ಮಾ, ಇನ್ನೇನು ಭಜನಿ ಮಾಡ್ತೇವೇನು?"

ಅವನು ನಕ್ಕ. "ಹಾಗಲ್ಲ. ಇದು ಸುಮ್ನೆ ನೋಡ್ತಾ ಇರತ್ತೆ. ಹವಾ ಹೇಗಿದೆ, ಪಾನಿ ಹೇಗಿದೆ, ಹತ್ರ ಯಾರಿದಾರೆ. ನೀವು ವಾಲ್ವ್ ಹೇಗೆ ತಿರುಗಿಸ್ತೀರಿ, ಎಲ್ಲಿ ರುಕ್ತೀರಿ... ನಿಲ್ಲಿಸ್ತೀರಿ. ಆಮೇಲೆ ಸುತ್ತ ಏನಿದ್ಯೋ ಅದಕ್ಕೆ ತಕ್ಕ ಹಾಗೆ ತನ್ನನ್ನ ತಾನೇ ಬದಲಾಯಿಸ್ಕೊಳತ್ತೆ. ಯಾರೂ ಹೇಳ್ಕೊಡಬೇಕಾಗಿಲ್ಲ."

"ಹಂಗಾರ ಇದು ಕಲಿತ ಮ್ಯಾಲೆ ನಾವೇನು ಮಾಡೋದು?"

ಹುಡುಗ ಸ್ಕ್ರೂಡ್ರೈವರ್ ಹುಡುಕತೊಡಗಿದ. ಕೆಟ್ಟವನಲ್ಲ ಅವನು, ಸುಳ್ಳು ಹೇಳಲು ಬರುತ್ತಿರಲಿಲ್ಲ ಅಷ್ಟೇ.

ಈಗ ಬಚುಭಾಯಿಯ ಕಣ್ಣಿನ ವಿಷಯ ಹೇಳಬೇಕು. ಆ ವರ್ಷ ಒಂದು ದಿನ ಅವರು ಕಾಫಿ ಬಣ್ಣದ ತುಂಡನ್ನು ನನಗೆ ತೋರಿಸಿ, "ಮರೂನ್ ಚೆನ್ನಾಗಿ ಬಂದಿದೆ" ಎಂದರು. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಕೇಳಲೊಲ್ಲರು. ಕಣ್ಣು ಕೊಯ್ಸಿಕೊಂಡವನನ್ನು ಬಣ್ಣದ ಖಾತೆಯಲ್ಲಿ ಯಾರು ನಂಬುತ್ತಾರೆ? ಸೋಲಿಸಲು ಕಾದು ಕೂತವರು ಬೇಕಾದಷ್ಟು ಜನ. ಅದು ನಿಜವೂ ಹೌದು. "ದಿಕ್ರಾ, ಇನ್ನೆರಡು ವರ್ಷ ನೂಕಿಬಿಡೋಣ. ಮರ್ಯಾದೆಯಿಂದ ಹೊರಗೆ ಹೋಗ್ತೀನಿ" ಎಂದು ನನ್ನ ಭುಜ ಹಿಡಿದರು.

ನೂಕಿದೆವು. ದಾರಿ ಸುಲಭವಾಗಿತ್ತು: ಬಿಲ್ಲೆ ಅದಲುಬದಲು. ಮರೂನ್, ಬಾಟಲ್ ಹಸಿರು, ನೇವಿ ಇಂಥ ಗಾಢ ಬಣ್ಣಗಳಿಗೆ ಕಣ್ಣು ಬೇಕು. ಅವು ಬಂದಾಗ ನಾನು ಅವರ ಒಂಬತ್ತನೇ ಬಿಲ್ಲೆ ಹಾಕಿಕೊಂಡು ಮೂರನೇ ಜೆಟ್ಟಿನ ಮುಂದೆ ನಿಲ್ಲುತ್ತಿದ್ದೆ. ಅವರು ನನ್ನ ಇಪ್ಪತ್ತೇಳನ್ನು ಹಾಕಿಕೊಂಡು ದೂರದ ಜೆಟ್ಟಿನಲ್ಲಿ ತಿಳಿ ಬಣ್ಣ ನಡೆಸುತ್ತಿದ್ದರು. ತಿಳಿ ಬಣ್ಣ, ಶಾಖ ಹೊತ್ತು ಬರೆದುಕೊಟ್ಟ ಚೀಟಿಯಲ್ಲಿದ್ದಂತೆ ಮಾಡಿದರೆ, ಹೆಚ್ಚು ಕಡಿಮೆ ತಾನೇ ಬರುತ್ತದೆ. ಆದರೂ ಆಗಾಗ ಪಟ್ಟೆ ಬೀಳುತ್ತಿತ್ತು, ಕೆಡುತ್ತಿತ್ತು. ಅದೆಲ್ಲ ಇಪ್ಪತ್ತೇಳರ ತಲೆಗೆ. ಟೀ ಕುಡಿಯಲು ಹೋಗುವಾಗ ಬಿಲ್ಲೆ ಬದಲಿಸಿಕೊಳ್ಳುವುದು ಖಾತೆಯವರೆಲ್ಲ ಮಾಡುತ್ತಿದ್ದ ಕೆಲಸ, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಒಂದು ಪ್ಲಾಸ್ಟಿಕ್ ತುಂಡು ನನ್ನನ್ನೇನು ಅಳೆದೀತು ಎಂದುಕೊಂಡಿದ್ದೆ. ಎಂಟು ತಿಂಗಳು ಹೀಗೆ ನಡೆಯಿತು. ಎಂಟು ತಿಂಗಳೂ ಅದು ನೋಡುತ್ತಲೇ ಇತ್ತು.

ಡಿಸೆಂಬರಿನಲ್ಲಿ ಶೇಠರು ನನ್ನನ್ನು ಗಾಜಿನ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಮಡಿಕೆ ಮಡಿಕೆಯಾದ ಕಂಪ್ಯೂಟರ್ ಕಾಗದ. ಬಚುಭಾಯಿ ಮೊದಲೇ ಅಲ್ಲಿ ನಿಂತಿದ್ದರು.

"ಇನ್ನು ಮೇಲೆ ಯಂತ್ರ ತಾನೇ ನಡೆಸುತ್ತೆ" ಎಂದರು ಶೇಠರು. "ಬಣ್ಣ ನೋಡಿ ಸೈ ಅನ್ನೋಕೆ ಒಬ್ಬ ಸಾಕು. ಒಂಬತ್ತರ ಕೈ ನೋಡು, ಒಂದೂ ಕೆಟ್ಟಿಲ್ಲ. ಇಪ್ಪತ್ತೇಳು ನೋಡು. ಏನೋ ಮದ್ರಾಸಿ, ಇಷ್ಟು ವರ್ಷ ಬರೀ ಮೀಸೆ ತಿರುವಿದೆಯಾ?"

ಬಚುಭಾಯಿಯ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ನಾನು ಬಾಯಿ ಬಿಟ್ಟರೆ ಅವರು ಕುರುಡರೆಂದು ಹೇಳಬೇಕು. ಅದನ್ನು ನಾನು ಹೇಳುವಂತಿರಲಿಲ್ಲ. ಹೇಳಬಹುದಾಗಿದ್ದವರು ಅವರು. ನಾನು ಕಾದೆ. ಅವರು ಕೆಮ್ಮಿದರು, ಅಷ್ಟೇ.

ಹೊರಗೆ ಬಂದ ಮೇಲೆ ನನ್ನ ಹಿಂದೆಯೇ ಬಂದು, "ದಿಕ್ರಾ, ನಿನ್ನ ಕೈಗೆ ಎಲ್ಲಿ ಹೋದರೂ ಅನ್ನ ಸಿಗುತ್ತೆ. ನಾನು ಎಲ್ಲಿಗೆ ಹೋಗಲಿ?" ಎಂದರು. ಮಾತು ಸುಳ್ಳಲ್ಲ. ಆದರೆ ಇನ್ನೊಂದು ಸತ್ಯವೂ ಇತ್ತು. ನನ್ನ ಕೈಯ ಕೆಲಸ ಆಗಲೇ ಯಂತ್ರದೊಳಗೆ ಅವರ ಹೆಸರಿನಲ್ಲಿ ಕೂತಿತ್ತು. ಇನ್ನು ಅವರಿಗೆ ನಾನು ಬೇಕಾಗಿರಲಿಲ್ಲ.

ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಹಿಂದಿನ ದಿನ ನನ್ನ ಕಡೆಯ ಹಾಜರಿ. ಸಂಜೆ ಗುಮಾಸ್ತ ನನ್ನ ಬಿಲ್ಲೆ ತೆಗೆದುಕೊಂಡು, ಲಕೋಟೆಗೆ ಹಾಕಿ, ಪಿನ್ನು ಹೊಡೆದು, ಕಪಾಟಿನಲ್ಲಿಟ್ಟು ಬೀಗ ಹಾಕಿದ. ನಾನೇ ಕಣ್ಣಾರೆ ಕಂಡದ್ದು. ಈ ಮಾತು ನೆನಪಿಡಿ.

ಮನೆಗೆ ಹೋದ ಮೇಲೆ ನೆನಪಾಯಿತು: ನನ್ನ ತುಂಡುಬಟ್ಟೆಯ ಪುಸ್ತಕ ಮೂರನೇ ಜೆಟ್ಟಿನ ಹಿಂದಿನ ಕಿಟಕಿಕಟ್ಟೆಯ ಮೇಲೆ ಉಳಿದಿದೆ. ಇಷ್ಟು ವರ್ಷ ನಾನು ತೆಗೆದ ಒಂದೊಂದು ಬಣ್ಣದ ತುಂಡನ್ನೂ ಅಂಟಿಸಿ, ಪಕ್ಕದಲ್ಲಿ ನನ್ನ ಕೋಳಿಕಾಲು ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿಟ್ಟದ್ದು. ಅದನ್ನು ತರಲು ಮರುದಿನ ಮಧ್ಯಾಹ್ನ ಹೋದೆ. ಮಿಲ್ಲಿಗೆ ಎರಡು ದಿನ ರಜೆ. ಬಾಯ್ಲರನ್ನು ಪೂರ್ತಿ ಆರಿಸದೆ ಮಂದ ಉರಿಯಲ್ಲಿ ಇಟ್ಟಿದ್ದರು. ಶೇಠರು ಮಾತ್ರ ಮನೆಯವರು, ನೆಂಟರು, ಒಂದಿಷ್ಟು ಹಳೆಯ ಕೆಲಸಗಾರರನ್ನು ಕರೆದುಕೊಂಡು ಮಿಲ್ಲಿನ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿದ್ದರು. ಆ ಸುತ್ತಿನಲ್ಲಿ ಅಷ್ಟು ಎತ್ತರದ ಬಯಲು ಮಾಳಿಗೆ ಬೇರೆ ಇರಲಿಲ್ಲ. "ಕಾಪ್ಯೋ ಛೇ!" ಎಂದು ಪಟ ಕತ್ತರಿಸಿದವರ ಕೂಗು ಗೇಟಿನವರೆಗೂ ಕೇಳುತ್ತಿತ್ತು. ಕಾವಲುಗಾರ ಎಳ್ಳು ಚಿಕ್ಕಿ ಕೊಟ್ಟು, "ಮಾಸ್ಟರ್‌ಜೀ, ಮೇಲೆ ಹೋಗಿ, ಎಲ್ಲಾ ಇದ್ದಾರೆ" ಎಂದ. ಪುಸ್ತಕ ತಗೊಂಡು ಹೋಗ್ತೀನಿ ಎಂದು ಒಳಗೆ ಹೋದೆ.

ಖಾತೆ ಖಾಲಿ. ಮೂರನೇ ಜೆಟ್ಟಿನಲ್ಲಿ ಮರೂನ್ ಲಾಟು, ಅಂದರೆ ಒಂದು ಸಲಕ್ಕೆ ಬಣ್ಣ ಹಾಕುವಷ್ಟು ಬಟ್ಟೆ, ತುಂಬಿಸಿ, ನೀರು, ಬಣ್ಣ ಎಲ್ಲ ಹಾಕಿ ಇಟ್ಟಿದ್ದರು. ಉತ್ತರಾಯಣದ ತನಕ ಅಲ್ಲಿ ಮದುವೆಗಳಿಲ್ಲ, ಮುಗಿದೊಡನೆ ಸಾಲುಸಾಲು. ರಜೆ ಕಳೆದ ಬೆಳಿಗ್ಗೆಯೇ ಶುರುಮಾಡುವ ತಯಾರಿ. ಕಂಪ್ಯೂಟರನ್ನು ಮಾತ್ರ ಯಾವತ್ತೂ ಆರಿಸಬಾರದೆಂದು ರಾಘವೇಂದ್ರನ ಕಟ್ಟಪ್ಪಣೆ. ಪುಸ್ತಕವನ್ನು ಬಗಲಲ್ಲಿಟ್ಟುಕೊಂಡೆ. ಹೊರಡುವಾಗ, ಏನೋ ಒಂದು ಅಭ್ಯಾಸ, ಯಂತ್ರದ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಎತ್ತು ಮಾರಿದವನು ಹೊರಡುವಾಗ ಅದರ ಮೈ ಸವರುತ್ತಾನಲ್ಲ, ಹಾಗೆ.

ಪಂಪು ಶುರುವಾಯಿತು.

ಕೈ ತೆಗೆದು ಹಿಂದೆ ಸರಿದೆ. ಗುಂಡಿ ಒತ್ತಿದವರಿಲ್ಲ. ಒಳಗೆ ಬಟ್ಟೆ ಸುತ್ತುವ ಸದ್ದು ಎದ್ದಿತು. ಪರದೆಯ ಕಡೆ ನೋಡಿದೆ. ನನಗೆ ಅಷ್ಟು ಇಂಗ್ಲಿಷ್ ಓದಲು ಬರುತ್ತದೆ. ಲಾಟು ಮರೂನ್. ಅದರ ಕೆಳಗೆ, ಆಪರೇಟರ್ ಇಪ್ಪತ್ತೇಳು.

ನಾನು ಅಲ್ಲೇ ನಿಂತೆ. ಎದೆಯ ಮೇಲೆ ಕೈಯಾಡಿಸಿ ನೋಡಿಕೊಂಡೆ, ಬಿಲ್ಲೆ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ, ಅದು ಬೀಗದೊಳಗಿತ್ತು. ಅದು ಹೇಗೋ ಬಂತು ಅಂತಲೇ ಇಟ್ಟುಕೊಳ್ಳೋಣ. ಇಪ್ಪತ್ತೇಳನೇ ನಂಬರಿನ ಹೆಸರಲ್ಲಿ ನಾನು ಒಂದೇ ಒಂದು ಮರೂನ್ ಲಾಟು ತೆಗೆದವನಲ್ಲ. ನನ್ನ ಮರೂನುಗಳೆಲ್ಲ ಒಂಬತ್ತರ ಲೆಕ್ಕದಲ್ಲಿದ್ದವು. ಅದು ನನಗೆ ಗೊತ್ತು, ಬಚುಭಾಯಿಗೆ ಗೊತ್ತು. ಮೂರನೆಯವರಿಗೆ ಗೊತ್ತಿರಲಿಲ್ಲ.

ಬಾಯ್ಲರ್ ಮಂದವಿದ್ದುದರಿಂದ ಉಗಿಯ ಒತ್ತಡ ಕಡಿಮೆ. ಅಂಥ ಹೊತ್ತಿನಲ್ಲಿ ನಾನು ವಾಲ್ವನ್ನು ಒಮ್ಮೆಲೇ ತೆರೆಯುವವನಲ್ಲ. ಅರ್ಧ ಸುತ್ತು, ಒಂದು ಉಸಿರು. ಮತ್ತೆ ಅರ್ಧ ಸುತ್ತು, ಒಂದು ಉಸಿರು. ಯಂತ್ರವೂ ಹಾಗೇ ತೆರೆಯಿತು. ಟಕ್ ಎನ್ನುವುದು, ನಿಲ್ಲುವುದು. ಟಕ್ ಎನ್ನುವುದು, ನಿಲ್ಲುವುದು. ಪಕ್ಕದ ಕೋಣೆಯಿಂದ ನಮ್ಮದೇ ಕೆಮ್ಮು ನಮಗೆ ಕೇಳಿಸಿದರೆ ಹೇಗಾದೀತು? ಎಂಬತ್ತು ಡಿಗ್ರಿಗೆ ಬಂದು ತಡೆಯಿತು. ಆರು ನಿಮಿಷ. ಚೀಟಿಯಲ್ಲಿ ಆ ತಡೆಯೇ ಇಲ್ಲ. ಎಸ್ಟೇಟಿನ ನೀರಿನ ಗಡಸು ಕಂಡು ನಾನು ಕಂಡುಕೊಂಡದ್ದು ಅದು.

ಎರಡು ಗಂಟೆಗೂ ಮಿಕ್ಕಿ ಅಲ್ಲೇ ನಿಂತಿದ್ದೆ. ಓಡಿಹೋಗಬಹುದಿತ್ತು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಲಾಟು ಒಲೆಯ ಮೇಲಿರುವಾಗ ಬಿಟ್ಟು ಹೋಗುವುದು ನನ್ನ ಜಾಯಮಾನದಲ್ಲಿಲ್ಲ. ಕುದಿತ ಮುಗಿದು, ತಣ್ಣಗಾಗಿ, ಸೈರನ್ ಕೂಗಿತು. ಬಣ್ಣ ನೋಡಿ ಹೇಳು ಎನ್ನುವ ಕರೆ. ಮುಚ್ಚಳ ತೆಗೆದು ತುಂಡು ಕತ್ತರಿಸಿದೆ. ಊದಿ, ಮುಂಗೈಗೆ ಸುತ್ತಿಕೊಂಡು ಕಿಟಕಿಗೆ ಹೋದೆ. ಆ ಬಣ್ಣವನ್ನು ಏನೆಂದು ಹೇಳಲಿ? ನನ್ನ ಜೀವನದಲ್ಲಿ ಅಷ್ಟು ಸರಿಯಾದ ಮರೂನ್ ಕಂಡಿಲ್ಲ.

ಆಗ ಒಂದು ಆಸೆ ಹುಟ್ಟಿತು. ಮೇಲೆ ಶೇಠರಿದ್ದಾರೆ. ಮೂವತ್ತು ಮೆಟ್ಟಿಲು. ಕೆಳಗೆ ಬನ್ನಿ, ನಿಮ್ಮ ಕಾಗದ ಸುಳ್ಳು, ನಿಮ್ಮ ಯಂತ್ರವೇ ಹೇಳುತ್ತಿದೆ ನೋಡಿ ಎನ್ನಬಹುದಲ್ಲ? ಮುಂಗೈಯ ಮೇಲೆ ತುಂಡು ಸುತ್ತಿಕೊಂಡೇ ಮೆಟ್ಟಿಲು ಹತ್ತಿದೆ. ಮಾಳಿಗೆಯ ಬಾಗಿಲು ಅರ್ಧ ತೆರೆದಿತ್ತು. ಶೇಠರು ದಾರ ಎಳೆಯುತ್ತಿದ್ದರು. ಅವರ ಹಿಂದೆ ದಾರದ ಉರುಳೆ ಹಿಡಿದು ನಿಂತವರು ಬಚುಭಾಯಿ. "ಬಚುಕಾಕಾ, ದಾರ ಢೀಲು ಬಿಡಿ! ಪಟ ಆ ಕಡೆ, ನೀವು ಎಲ್ಲಿ ನೋಡ್ತಿದೀರಿ?" ಎಂದು ಒಬ್ಬ ಹುಡುಗಿ ನಗುತ್ತಿದ್ದಳು. "ಸೂರ್ಯ ಕಣ್ಣಿಗೆ ಹೊಡೀತಾನಮ್ಮಾ" ಎಂದು ಅವರೂ ನಕ್ಕರು. ಸೂರ್ಯ ಅವರ ಬೆನ್ನಿಗಿದ್ದ. ಪಟ ಪಡುವಣಕ್ಕೆ ಏರುತ್ತಿತ್ತು. ಅವರು ಖಾಲಿ ಆಕಾಶದ ಕಡೆ ಮುಖ ಎತ್ತಿ ನಗುತ್ತಿದ್ದರು.

ಇಳಿದು ಬಂದೆ.

ಪರದೆ ಇನ್ನೂ ಕಾಯುತ್ತಿತ್ತು. ಬಣ್ಣ ಸೈ ಎಂದರೆ ಹಸಿರು ಗುಂಡಿ. ಒತ್ತದೆ ಬಂದಿದ್ದರೆ ಆಗುತ್ತಿತ್ತು. ಮೇನ್ ಎಳೆದು ಆರಿಸಿದ್ದರೂ ಆಗುತ್ತಿತ್ತು. ಆದರೆ ಎರಡು ದಿನ ಬಣ್ಣದ ನೀರಿನಲ್ಲೇ ನಿಂತರೆ ಅಂಥ ಲಾಟು ಹಾಳು. ನನ್ನ ಕೈಯಿಂದ ಕೆಲಸ ಕೆಡಿಸಲಾಗಲಿಲ್ಲ. ಒತ್ತಿದೆ. ತೊಳೆತ ಮುಗಿದ ಮೇಲೆ ಯಂತ್ರ ತಾನಾಗಿ ನಿಂತಿತು. ನಾನು ಗೇಟು ದಾಟಿದೆ.

ಮುಂದಿನ ವಾರ ವಡೋದರಾದ ಒಂದು ಸಣ್ಣ ಕಾರ್ಖಾನೆ ಸೇರಿದೆ. ಅಲ್ಲಿ ಎಲ್ಲವೂ ಕೈಯಲ್ಲೇ. ಈ ವಿಷಯ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಒಂದು ವರ್ಷದ ಮೇಲೆ, ಕೆಲಸದ ಮೇಲೆ ಅದೇ ಊರಿನ ಅಲ್ಕಾಪುರಿ ಬಡಾವಣೆಯ ಒಂದು ದೊಡ್ಡ ಅಂಗಡಿಗೆ ಹೋದೆ. ಮೆಟ್ಟಿಲು ಹತ್ತುತ್ತಿದ್ದಂತೆ ಗಾಜಿನ ಬಾಗಿಲು ತಾನಾಗಿ ಸರಿಯಿತು. ಆಗಿನ್ನೂ ಅದು ಹೊಸದು, ಜನ ನಿಂತು ನೋಡುತ್ತಿದ್ದರು. ನನ್ನ ಕಾಲು ಮಾತ್ರ ಹೊಸ್ತಿಲಲ್ಲೇ ನಿಂತುಬಿಟ್ಟವು. ಹಿಂದಿನವರು, "ಅರೆ ಭಾಯ್, ಬಾಗಿಲು ನಿಮಗೇ ತೆರೆದಿರೋದು, ನಡೀರಿ" ಎಂದು ನೂಕಿದರು. ಆ ಭಾನುವಾರ ಅಹಮದಾಬಾದಿಗೆ ರೈಲು ಹತ್ತಿದೆ.

ಬೋಡಕ್‌ದೇವ್‌ನಲ್ಲಿ ಕಂಪನಿಯ ಕಾವಲುಗಾರನನ್ನು ಕೇಳಿ ರಾಘವೇಂದ್ರನ ಮನೆ ಹುಡುಕಿ ಹೋದಾಗ ಅವನು ನನ್ನನ್ನು ನೋಡಿ ಎದ್ದು ನಿಂತ. "ಅಂಕಲ್, ನಾನೇ ನಿಮ್ಮನ್ನ ಹುಡುಕ್ತಾ ಇದ್ದೆ."

ಅವನು ಹೇಳಿದ್ದು ಇದು. ಉತ್ತರಾಯಣದ ರಜೆ ಮುಗಿದ ಮೇಲೆ ಸಿದ್ಧವಾದ ಲಾಟು ಸಿಕ್ಕಿತು. ರಜೆಯಲ್ಲಿ ಬಂದು ತಾವೇ ತೆಗೆದದ್ದು ಎಂದರಂತೆ ಬಚುಭಾಯಿ. ಆಮೇಲಿನಿಂದ ಗಾಢ ಬಣ್ಣ ಬಂದಾಗಲೆಲ್ಲ ಯಂತ್ರ ಎಂಬತ್ತು ಡಿಗ್ರಿಗೆ ಬಂದು ನಿಂತು ಸೈರನ್ ಕೂಗುತ್ತಿತ್ತು. ಪರದೆಯ ಮೇಲೆ, ಆಪರೇಟರ್ ಇಪ್ಪತ್ತೇಳು ಬರಲಿ. ಒಂಬತ್ತನೇ ಬಿಲ್ಲೆ ಹಾಕಿದ ಬಚುಭಾಯಿ ಎದುರಿಗೇ ನಿಂತಿದ್ದರೂ ಅದು ಒಪ್ಪುತ್ತಿರಲಿಲ್ಲ. ಇಪ್ಪತ್ತೇಳನ್ನು ಪಟ್ಟಿಯಿಂದ ಅಳಿಸಿದರು, ಮರುದಿನ ಮತ್ತೆ ಬಂತು. ಮತ್ತೆ ಅಳಿಸಿದರು, ಮತ್ತೆ ಬಂತು. ಲಕೋಟೆ ತೆಗೆಸಿ ನೋಡಿದರು. ಪಿನ್ನು ಹೊಡೆದದ್ದು ಹೊಡೆದ ಹಾಗೇ ಇತ್ತು. ಬಿಲ್ಲೆಯ ಸೆಲ್ ತೆಗೆದು ಎಸೆದರು. ಸೈರನ್ ನಿಲ್ಲಲಿಲ್ಲ. ಕಡೆಗೆ ರೇಗಿದ ಶೇಠರು ಬಚುಭಾಯಿಯನ್ನು ಕಿಟಕಿಗೆ ನಿಲ್ಲಿಸಿ, ಎರಡು ತುಂಡು ಕೈಗೆ ಕೊಟ್ಟು, ಯಾವುದು ಮರೂನ್ ಹೇಳು ಎಂದರಂತೆ. ಇಡೀ ಖಾತೆಯ ಮುಂದೆ.

"ಅವರು ಕಾಫಿ ಕಲರ್ ತೋರಿಸಿದರು" ಎಂದ ರಾಘವೇಂದ್ರ.

ಕೂತೆ. ಬಿಲ್ಲೆ ಬದಲಿಸಿದ ಕಥೆಯನ್ನೂ, ಉತ್ತರಾಯಣದ ಮಧ್ಯಾಹ್ನ ಅಂಗೈ ಇಟ್ಟೊಡನೆ ಯಂತ್ರ ಶುರುವಾದದ್ದನ್ನೂ ಅವನಿಗೆ ಮೊದಲ ಸಲ ಹೇಳಿದೆ. ಅವನು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತ.

"ಹಾಗಾದ್ರೆ ಅದು ಹೇಳಿದ್ದೇ ಸರಿ. ಕೈ ತಿರುಗಿಸೋ ರೀತಿ ನೋಡಿ ನೀವಿಬ್ರೂ ಬೇರೆ ಬೇರೆ ಅಂತ ಬೇಕಾದ್ರೆ ತಿಳ್ಕೊಂಡಿರಬಹುದು. ಅಷ್ಟು ಓಕೆ. ಆದ್ರೆ ಅವತ್ತು ನೀವು ಏನೂ ತಿರುಗಿಸಿರ್ಲಿಲ್ಲ. ಬಿಲ್ಲೆ ಇರ್ಲಿಲ್ಲ. ಬಂದಿರೋದು ನೀವೇ ಅಂತ ಅದಕ್ಕೆ ಹೇಗೆ ಗೊತ್ತಾಯ್ತು? ಮನುಷ್ಯರ ಅಂಗೈ ಗುರುತಿಸೋದು ನಾವು ಬರೆದೇ ಇಲ್ಲ ಅಂಕಲ್. ಬರೆಯೋಕೆ ನಮಗೆ ಬರೋದೂ ಇಲ್ಲ."

ಆ ವ್ಯವಸ್ಥೆಯನ್ನು ಆಮೇಲೆ ಕಿತ್ತು ಹಾಕಿ ಸಾಮಾನ್ಯದ್ದು ಕೂಡಿಸಿದರಂತೆ. ಅವನೂ ಬೇರೆ ಕೆಲಸ ಹಿಡಿದಿದ್ದ.

ನೇರ ಸೂರತ್ತಿಗೆ ಹೋದೆ. ಬಚುಭಾಯಿ ಮನೆಯ ಪಡಸಾಲೆಯ ತೂಗುಮಂಚದ ಮೇಲೆ ಕೂತಿದ್ದರು. ಕಣ್ಣಿಗೆ ದಪ್ಪ ಕನ್ನಡಕ. ಆಪರೇಷನ್ ಆಗಿತ್ತು. ಮಿಲ್ಲು ಹೋದ ಮೇಲೆ ಹೆದರಲು ಏನು ಉಳಿದಿತ್ತು? ನನ್ನನ್ನು ಚೆನ್ನಾಗಿಯೇ ನೋಡಿದರು. ಮಂಚ ತೂಗುವುದನ್ನು ನಿಲ್ಲಿಸಲಿಲ್ಲ.

"ಬನ್ನಿ ಭಾಯ್" ಎಂದರು. ಅಷ್ಟು ವರ್ಷದಲ್ಲಿ ನನ್ನನ್ನು ಅವರು ಬನ್ನಿ ಎಂದದ್ದು ಅದೇ ಮೊದಲು.

"ಬಚುಭಾಯಿ, ನಾನು ಯಾರಿಗೂ ಹೇಳಲಿಲ್ಲ" ಎಂದೆ.

"ಯಂತ್ರಕ್ಕೆ ಬಾಯಿಲ್ಲ. ನಿಮಗಿದೆ. ಆ ಹುಡುಗ ನಿಮ್ಮ ಭಾಷೆಯವನು. ನಿಮ್ಮಿಬ್ಬರ ಗುಟ್‌ಪುಟ್ ನಮಗೆಲ್ಲಿ ತಿಳಿಯಬೇಕು?" ಎಂದರು. ಮತ್ತೆ ಹೇಳಿದರು: "ಗಾಜಿನ ಕೋಣೆಯಲ್ಲೇ, ನನ್ನ ಎದುರಿಗೇ ಹೇಳಿದ್ದರೆ ನನಗೆ ಇಷ್ಟು ನೋವಾಗ್ತಿರಲಿಲ್ಲ. ಹೋದ ಮೇಲೆ ಅದಕ್ಕೆ ನನ್ನ ಕತ್ತು ಕುಯ್ಯೋದು ಕಲಿಸಿಹೋದಿರಲ್ಲ, ಅದು."

ಗಾಜಿನ ಕೋಣೆಯಲ್ಲಿ ನೀವು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಬೇಕೆಂದು ವರ್ಷದಿಂದ ಇಟ್ಟುಕೊಂಡಿದ್ದ ಮಾತು. ಅದನ್ನು ಕೇಳಲಿಲ್ಲ. ಅವರ ಸೊಸೆ ಚಹಾ ತಂದಿಟ್ಟಳು. ನಾನು ಕುಡಿಯಲಿಲ್ಲ, ಅವರು ಕುಡಿಯಿರಿ ಎನ್ನಲಿಲ್ಲ. ಎರಡು ವರ್ಷದ ಮೇಲೆ ಅವರು ಹೋದ ಸುದ್ದಿ ಬಂತು. ನಾನು ಮಣ್ಣಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಮೇಲೆ ಬರೆಯುವಾಗ ಒಂದು ಮಾತು ಬಿಟ್ಟಿದ್ದೇನೆ. ರಾಘವೇಂದ್ರನಿಗೂ ಹೇಳಲಿಲ್ಲ, ಬಚುಭಾಯಿಗೂ ಹೇಳಲಿಲ್ಲ. ಅವತ್ತು ಮಾಳಿಗೆಯಿಂದ ಇಳಿದು ಬಂದು ಹಸಿರು ಗುಂಡಿ ಒತ್ತಿದೆ ಎಂದೆನಲ್ಲ, ಒತ್ತುವಾಗ ನನ್ನ ಎಡಗೈ ಯಂತ್ರದ ಮೇಲಿತ್ತು. ಮೇಲಿನಿಂದ ಅವರ ನಗು ಕೇಳುತ್ತಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ನನ್ನ ಭಾಷೆಯಲ್ಲಿ, ಬಾಯಿಬಿಟ್ಟು, ಅಂದೆ: "ಇನ್ನ ನನ್ನ ಬಿಟ್ಟು ಒಂದ ಲಾಟೂ ಏಳಬಾರದು. ನನ್ನ ಕರಕೋತ ಕೂಡಬೇಕು ಇವರು."

ಶಾಖಕ್ಕೆ, ನೀರಿಗೆ, ಗಾಳಿಯ ತೇವಕ್ಕೆ ಅದರ ಹತ್ತಿರ ಏನೇನೋ ಇದ್ದವು. ಕಿವಿ ಇರಲಿಲ್ಲ. ಇದ್ದಿದ್ದರೆ ನಾನೇ ನೋಡಿರುತ್ತಿದ್ದೆ, ಅವುಗಳನ್ನು ಚುಚ್ಚುವಾಗ ಏಣಿ ಹಿಡಿದವನು ನಾನೇ.